ಅಕ್ಕನದು ಕುವೈತ್‌ನಲ್ಲಿ ಮನೆಗೆಲಸ, ಮಗಳಿಗೆ ಜರ್ಮನಿಯಲ್ಲಿ ಎಂ.ಎಸ್. ಸೀಟು: ಸಾಲ, ತೆರಿಗೆ, ದುಡ್ಡು ಕಳಿಸೋ ದಾರಿ ಹೇಗೆ? (ಚಿಂತಾಮಣಿ)

ಕೈವಾರ ಕ್ರಾಸ್ (ಪ್ರಶ್ನೆ, ನವೆಂಬರ್ 2025)

ಚಿಂತಾಮಣಿ ತಾಲ್ಲೂಕು. ಅಕ್ಕ 2016ರಿಂದ ಕುವೈತ್‌ನಲ್ಲಿ ಒಂದೇ ಮನೆಯಲ್ಲಿ ಕೆಲಸಕ್ಕಿದ್ದಾರೆ. ಮನೆಗೆಲಸದವರಿಗೆ ಕೊಡೋ ಆರ್ಟಿಕಲ್ 20 ವೀಸಾ, ಈಗ ತಿಂಗಳಿಗೆ 110 ದಿನಾರ್, ಅಂದರೆ ಸುಮಾರು 31 ಸಾವಿರ. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳು ರಜಕ್ಕೆ ಬರ್ತಾರೆ. ದುಡ್ಡೆಲ್ಲ ಮನಿ ಎಕ್ಸ್‌ಚೇಂಜ್ ಮೂಲಕ ಭಾವನ ಮಾಮೂಲಿ ಎಸ್‌ಬಿ ಖಾತೆಗೆ ಬರುತ್ತೆ. ಅದರಲ್ಲಿ ಈಗ 6 ಲಕ್ಷ ಉಳಿತಾಯ ಇದೆ. ಭಾವನಿಗೆ ಒಂದೂವರೆ ಎಕರೆ ಜಮೀನು, ಪಂಚಾಯ್ತಿ ವ್ಯಾಪ್ತಿಯಲ್ಲಿ ಒಂದು 30x40 ಸೈಟು. ಬೇರೆ ಆದಾಯ ಇಲ್ಲ. ಮಗಳು ಬಿ.ಇ. ಮುಗಿಸಿದ್ದಾಳೆ. ಜರ್ಮನಿಯ ಸರ್ಕಾರಿ ವಿ.ವಿ.ಗೆ 2026ರ ಅಕ್ಟೋಬರ್ ಸೆಮಿಸ್ಟರ್‌ಗೆ ಅರ್ಜಿ ಹಾಕ್ತಿದ್ದಾಳೆ.

1. ಮನೆಗೆಲಸದ ಸಂಬಳವನ್ನು ಬ್ಯಾಂಕು ಆದಾಯ ಅಂತ ಒಪ್ಪುತ್ತಾ? ಜಮೀನು ಅಡ ಇಡಬಹುದಾ?
2. ಅಕ್ಕನ ಸಂಬಳಕ್ಕೆ ಇಲ್ಲಿ ತೆರಿಗೆ ಕಟ್ಟಬೇಕಾ? ಬ್ಲಾಕ್ಡ್ ಅಕೌಂಟಿಗೆ (ವೀಸಾಗೆ ಮುಂಚೆ ಒಂದು ವರ್ಷದ ಖರ್ಚು ತುಂಬಿ, ತಿಂಗಳಿಗಿಷ್ಟು ಅಂತ ಮಾತ್ರ ತೆಗೆಯೋ ಖಾತೆ) ಕಳಿಸುವಾಗ 20% ಹಿಡೀತಾರೆ ಅಂತ ಒಬ್ಬ ಏಜೆಂಟ್ ಹೆದರಿಸಿದ್ದಾನೆ.
3. ಅಲ್ಲಿ ಓದ್ತಾ ಓದ್ತಾ ಯಾರದಾದರೂ ಮನೇಲಿ ಮಗು ನೋಡ್ಕೊಳ್ಳೋ ಕೆಲಸ ಮಾಡಬಹುದಾ?

ಅದೇ ಏಜೆಂಟು ಬ್ಲಾಕ್ಡ್ ಅಕೌಂಟಿನ ದುಡ್ಡನ್ನು ತಾನೇ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ಕೊಡಿಸ್ತೀನಿ ಅಂತಲೂ ಹೇಳಿದ್ದಾನೆ.

ಮೂಲಪತ್ರ (ಉತ್ತರ)

ಮೊದಲು ಆ ಬಡ್ಡಿ ಲೆಕ್ಕ. ಬ್ಲಾಕ್ಡ್ ಅಕೌಂಟಿಗೆ ಈಗ 11,904 ಯೂರೋ ಬೇಕು. ಯೂರೋಗೆ 100 ಅಂತ ಹಿಡಿದರೂ 11.9 ಲಕ್ಷ. ನೂರಕ್ಕೆ ಮೂರು ಅಂದ್ರೆ ತಿಂಗಳಿಗೆ 35,700 ಬಡ್ಡಿ, ನಿಮ್ಮಕ್ಕನ ಇಡೀ ಸಂಬಳ ಹಾಕಿದರೂ ಸಾಲದು. ಆ ಮಾತು ಅಲ್ಲಿಗೇ ಬಿಡಿ.

ಜಮೀನು ಆಗಲ್ಲ. ಕೋರ್ಟಿಗೆ ಹೋಗದೆ ಅಡವಿಟ್ಟ ಆಸ್ತಿ ಹರಾಜು ಹಾಕೋ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸಲ್ಲ, ಸಾಲ ಕೆಟ್ಟರೆ ಬ್ಯಾಂಕಿಗೆ ಅದನ್ನ ಸುಲಭವಾಗಿ ಹರಾಜು ಹಾಕಕ್ಕಾಗಲ್ಲ. ಅದಕ್ಕೇ ಶಿಕ್ಷಣ ಸಾಲಕ್ಕೆ ಪಹಣಿ ಹಿಡ್ಕೊಂಡು ಹೋದರೆ ವಾಪಸ್ ಕಳಿಸ್ತಾರೆ. ಸೈಟು ಆಗಬಹುದು, ಆದರೆ ಪಂಚಾಯ್ತಿ ಆಸ್ತಿ ದಾಖಲೆಯ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11ಎ ಇದ್ದರೆ. ಸರಿಯಾದ ಅನುಮೋದನೆ ಇಲ್ಲದ ಆಸ್ತಿಗೆ ಕೊಡೋ 11ಬಿ ಇದ್ದರೆ ಬ್ಯಾಂಕಿನ ವಕೀಲರು ಸಾಮಾನ್ಯವಾಗಿ ಒಪ್ಪಲ್ಲ. ಭೂಪರಿವರ್ತನೆ ಆದೇಶ, ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಿಂದ ಋಣಭಾರ ಪತ್ರ, ಹಳೇ ಕ್ರಯಪತ್ರಗಳ ಸರಪಳಿ ಕೇಳ್ತಾರೆ. ಪಿತ್ರಾರ್ಜಿತ ಆಗಿದ್ದರೆ ವಂಶವೃಕ್ಷದಲ್ಲಿರೋ ಹೆಣ್ಣುಮಕ್ಕಳ ಸಹಿಯೂ ಬೇಕು. ನಮ್ಮ ಕಡೆ ಫೈಲು ನಿಲ್ಲೋದು ಹೆಚ್ಚಾಗಿ ಇಲ್ಲೇ: ಮದುವೆಯಾಗಿ ಹೋದ ಭಾವನ ಅಕ್ಕತಂಗಿಯರು ವಿಭಾಗಪತ್ರಕ್ಕೆ ಸಹಿ ಹಾಕಿರಲ್ಲ. ಮೂಲದಲ್ಲಿ ದರಖಾಸ್ತು ಮಂಜೂರಿ ಜಮೀನಾಗಿದ್ದರೆ ಪರಭಾರೆ ಷರತ್ತು ನೋಡಿ. ಪರಿಶಿಷ್ಟರಿಗೆ ಮಂಜೂರಾಗಿದ್ದರೆ ಅಂಥ ಜಮೀನಿನ ಪರಭಾರೆ ತಡೆಯೋ 1978ರ ಪಿಟಿಸಿಎಲ್ ಕಾಯ್ದೆ ಬರುತ್ತೆ.

ಇಷ್ಟೆಲ್ಲ ತಲೆನೋವು ಯಾಕೆ? ಐಬಿಎ (ಬ್ಯಾಂಕುಗಳ ಸಂಘ) ಮಾದರಿ ಶಿಕ್ಷಣ ಸಾಲದಲ್ಲಿ 7.5 ಲಕ್ಷದವರೆಗೆ ಅಡಮಾನ ಬೇಕಿಲ್ಲ, ಹೊರದೇಶದ ಓದಿಗೂ ಸೇರಿ. ಕೇಂದ್ರದ ಸಾಲ ಖಾತರಿ ನಿಧಿ ಅದಕ್ಕೆ ರಕ್ಷಣೆ ಕೊಡುತ್ತೆ. 7.5 ಸಾಲ, ಕೈಯಲ್ಲಿರೋ 6 ಲಕ್ಷ, ಒಟ್ಟು 13.5. ಮೊದಲ ವರ್ಷದ ಬ್ಲಾಕ್ಡ್ ಅಕೌಂಟು, ಟಿಕೆಟ್ಟು, ವೀಸಾ ಅದರಲ್ಲೇ ಮುಗಿಯುತ್ತೆ. 4 ಲಕ್ಷ ಮೀರಿದರೆ ಹೊರದೇಶದ ಓದಿಗೆ 15% ಮಾರ್ಜಿನ್, ಅಂದರೆ ಸ್ವಂತ ಪಾಲು, ನೀವು ತೋರಿಸಬೇಕು, ಆ 6 ಲಕ್ಷವೇ ಮಾರ್ಜಿನ್. ಸೈಟು ಎರಡನೇ ವರ್ಷಕ್ಕೆ ಇರಲಿ.

ಭಾವನನ್ನೇ ಸಹಸಾಲಗಾರ ಮಾಡಿ, ನಾಡಕಚೇರಿಯ ಆದಾಯ ಪ್ರಮಾಣಪತ್ರ ಕೊಡಿ. ಅಕ್ಕನ ಸಂಬಳಕ್ಕೆ ಕರಾರು, ಸಿವಿಲ್ ಐಡಿ (ಕುವೈತ್ ಗುರುತಿನ ಚೀಟಿ), ಒಂದು ವರ್ಷದ ರವಾನೆ ರಸೀದಿಗಳನ್ನ ಸೇರಿಸಿ. ಮನೆಗೆಲಸ ಅನ್ನೋ ಕಾರಣಕ್ಕೆ ಬ್ಯಾಂಕು ತಳ್ಳಿಹಾಕಲ್ಲ. ತಿಂಗಳು ತಿಂಗಳು ಬಂದಿದ್ದು ಪಾಸ್‌ಬುಕ್ಕಿನಲ್ಲಿ ಕಾಣಬೇಕು, ಅಷ್ಟೇ. ಊರಿಗೆ ಬರೋರ ಕೈಲಿ ಕೊಟ್ಟು ಕಳಿಸಿದ್ದು, ಹುಂಡಿಯಲ್ಲಿ ಬಂದಿದ್ದು ಲೆಕ್ಕಕ್ಕಿಲ್ಲ, ಅದರ ಮೇಲೆ ಫೆಮಾ (ವಿದೇಶಿ ವಿನಿಮಯ ಕಾಯ್ದೆ) ತೊಂದರೆ ಬೇರೆ. ಭಾವನ ಬೆಳೆ ಸಾಲ, ಒಡವೆ ಸಾಲ ಬಾಕಿ ಬಿದ್ದಿದ್ದರೆ ಅರ್ಜಿಗೆ ಮುಂಚೆಯೇ ತೀರಿಸಿ, ಸಿಬಿಲ್‌ನಲ್ಲಿ ಸಿಕ್ಕಿಬೀಳೋದು ಅಲ್ಲಿ.

ಮುಖ್ಯವಾದದ್ದು ಒಂದು. ಖರ್ಚಿನ ದುಡ್ಡನ್ನ ವೀಸಾ ಆದಮೇಲೆ ಬಿಡ್ತೀವಿ ಅಂತ ಬ್ಯಾಂಕು ಹೇಳುತ್ತೆ. ಬ್ಲಾಕ್ಡ್ ಅಕೌಂಟು ತುಂಬದೆ ವೀಸಾ ಕೊಡಲ್ಲ ಅಂತ ಜರ್ಮನಿ ಹೇಳುತ್ತೆ. ಮಂಜೂರಾತಿ ಪತ್ರದಲ್ಲೇ ‘ವೀಸಾಗೆ ಮುಂಚೆ ಬ್ಲಾಕ್ಡ್ ಅಕೌಂಟಿಗೆ ನೇರ ಬಿಡುಗಡೆ’ ಅಂತ ಬರೆಸಿಕೊಳ್ಳಿ. ಮ್ಯಾನೇಜರ್ ಬಾಯಿಮಾತು ನಂಬಬೇಡಿ, ಜೂನ್‌ನಲ್ಲಿ ಅವರಿಗೇ ವರ್ಗಾವಣೆ ಆಗಿರುತ್ತೆ.

ಪಿಎಂ ವಿದ್ಯಾಲಕ್ಷ್ಮಿ ಬಗ್ಗೆ ಯಾರಾದರೂ ಹೇಳಿದರೆ, ಅದು ದೇಶದೊಳಗಿನ ಆಯ್ದ ಸಂಸ್ಥೆಗಳಿಗೆ ಮಾತ್ರ. ಅಲ್ಪಸಂಖ್ಯಾತರ ‘ಪಢೋ ಪರದೇಶ್’ ಬಡ್ಡಿ ಸಹಾಯಧನ 2022-23ರಿಂದ ನಿಂತುಹೋಗಿದೆ.

ಲೆಕ್ಕದ ಪುಸ್ತಕ (ಉತ್ತರ)

ತೆರಿಗೆ ವಿಚಾರ. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳು ಮಾತ್ರ ಇಲ್ಲಿರೋದರಿಂದ ತೆರಿಗೆ ಲೆಕ್ಕದಲ್ಲಿ ಅಕ್ಕ ಅನಿವಾಸಿ. ಕುವೈತ್‌ನಲ್ಲಿ ಸಂಬಳಕ್ಕೆ ಆದಾಯ ತೆರಿಗೆ ಇಲ್ಲ, ಅಲ್ಲಿ ದುಡಿದ ಸಂಬಳವನ್ನ ಇಲ್ಲಿಗೆ ಕಳಿಸಿದ ಮಾತ್ರಕ್ಕೆ ಇಲ್ಲೂ ತೆರಿಗೆ ಬರಲ್ಲ. ಗಂಡನಿಗೆ, ಮಗಳಿಗೆ ಕೊಟ್ಟಿದ್ದು ಸಂಬಂಧಿಕರ ಉಡುಗೊರೆ, ಅವರಿಗೂ ತೆರಿಗೆ ಇಲ್ಲ. ಭಾವನ ಖಾತೆಯಲ್ಲಿ ಬಿದ್ದ ಬಡ್ಡಿ ಮಾತ್ರ ತೆರಿಗೆಯ ಲೆಕ್ಕಕ್ಕೆ ಬರುತ್ತೆ.

ಇನ್ನು ಆ 20%. ಅದು ಟಿಸಿಎಸ್, ಹೊರದೇಶಕ್ಕೆ ದುಡ್ಡು ಕಳಿಸುವಾಗ ಬ್ಯಾಂಕು ಮುಂಗಡವಾಗಿ ಹಿಡಿಯೋ ತೆರಿಗೆ. 2025ರ ಏಪ್ರಿಲ್‌ನಿಂದ ಒಬ್ಬರಿಗೆ ಒಂದು ಹಣಕಾಸು ವರ್ಷದಲ್ಲಿ 10 ಲಕ್ಷದವರೆಗೆ ಟಿಸಿಎಸ್ಸೇ ಇಲ್ಲ. ಮೀರಿದ ಭಾಗಕ್ಕೆ, 2025-26ರಲ್ಲಿ ಓದಿಗಾದರೆ 5%, ಬೇರೆ ಕಾರಣಕ್ಕಾದರೆ 20% ಇತ್ತು. ಬ್ಯಾಂಕಿನ ಶಿಕ್ಷಣ ಸಾಲದಿಂದ ಹೋದ ದುಡ್ಡಿಗೆ ಸೊನ್ನೆ. ಮೂಲಪತ್ರ ಹೇಳಿದ ಹಾಗೆ 7.5 ಸಾಲದಿಂದ, ಉಳಿದ 4.4 ಲಕ್ಷ ಭಾವನ ಖಾತೆಯಿಂದ ಹೋದರೆ ಟಿಸಿಎಸ್ ಪ್ರಶ್ನೆಯೇ ಏಳಲ್ಲ.

ಸಾಲ ಇಲ್ಲದೆ ಪೂರ್ತಿ 11,90,400 ಭಾವನ ಖಾತೆಯಿಂದ ಹೋಯಿತು ಅನ್ನಿ. ಮೀರಿದ್ದು 1,90,400. ಓದಿನ ಆ 5% ಲೆಕ್ಕದಲ್ಲಿ 9,520 ಆಗುತ್ತಿತ್ತು. ಹೊರದೇಶಕ್ಕೆ ಕಳಿಸಲು ಬ್ಯಾಂಕಿನಲ್ಲಿ ತುಂಬೋ ಎ2 ಫಾರಂನಲ್ಲಿ ಗುಮಾಸ್ತರು ಉದ್ದೇಶದ ಕೋಡನ್ನ ಓದಿನ ಎಸ್0305 ಬದಲು ಕುಟುಂಬ ನಿರ್ವಹಣೆಯ ಎಸ್1301 ಅಂತ ಹಾಕಿಬಿಟ್ಟರೆ ಅದೇ 38,080 ಆಗುತ್ತೆ. ಏಜೆಂಟ್ ಹೇಳಿದ 20% ಹುಟ್ಟೋದು ಬಹುಶಃ ಇಲ್ಲೇ. ಸಹಿ ಹಾಕೋ ಮುಂಚೆ ಆ ಒಂದು ಚೌಕ ಓದಿ. ಪ್ರವೇಶ ಪತ್ರ, ಬ್ಲಾಕ್ಡ್ ಅಕೌಂಟಿನ ಐಬ್ಯಾನ್ (ಖಾತೆ ಸಂಖ್ಯೆ) ಇರೋ ದೃಢೀಕರಣ, ಪ್ಯಾನ್, ಪಾಸ್‌ಪೋರ್ಟ್ ಜೊತೆಗಿರಲಿ. ಹಿಡಿದ ಟಿಸಿಎಸ್ ಮುಳುಗಿದ ದುಡ್ಡಲ್ಲ, ಯಾರ ಪ್ಯಾನ್‌ನಲ್ಲಿ ಹಿಡಿದರೋ ಅವರು ರಿಟರ್ನ್ ಹಾಕಿದರೆ ವಾಪಸ್ ಬರುತ್ತೆ. ರೈತ, ರಿಟರ್ನ್ ಬೇಡ ಅಂತ ಸುಮ್ಮನಿದ್ದರೆ ಮಾತ್ರ ಹೋಯಿತು.

ಶಿಕ್ಷಣ ಸಾಲದ ಬಡ್ಡಿಗೆ ಆದಾಯ ತೆರಿಗೆಯ 80ಇ ವಿನಾಯ್ತಿ ಅಂತ ಯಾರಾದರೂ ಆಸೆ ತೋರಿಸಿದರೆ ನಿಮಗದು ಲೆಕ್ಕಕ್ಕಿಲ್ಲ. ಭಾವನಿಗೂ ಅಕ್ಕನಿಗೂ ತೆರಿಗೆ ಕಟ್ಟೋ ಆದಾಯವೇ ಇಲ್ಲ. ಓದುವಾಗಲೇ ಬಡ್ಡಿ ಕಟ್ಟುತ್ತಾ ಬಂದರೆ ಐಬಿಎ ಯೋಜನೆಯಲ್ಲಿ 1% ರಿಯಾಯ್ತಿಗೆ ಅವಕಾಶ ಇದೆ, ಅದನ್ನ ಕೇಳಿ. 7.5 ಲಕ್ಷ ಪೂರ್ತಿ ತಗೊಂಡು ಬಡ್ಡಿ 10% ಇದ್ದರೆ ತಿಂಗಳಿಗೆ 6,250.

ಕೈವಾರ ಕ್ರಾಸ್

ತುಂಬಾ ಉಪಕಾರ ಸರ್. ಭಾವನ ಖಾತೆಯಲ್ಲಿರೋ 6 ಲಕ್ಷವನ್ನ ಅಕ್ಕನ ಹೆಸರಲ್ಲಿ ಎನ್‌ಆರ್‌ಇ ಖಾತೆ (ಅನಿವಾಸಿಗಳು ಹೊರದೇಶದ ಗಳಿಕೆ ಇಡೋ ಖಾತೆ) ತೆಗೆದು ಅದಕ್ಕೆ ಹಾಕಿದರೆ ಒಳ್ಳೆಯದಾ? ಅಕ್ಕನಿಗೆ ಇಲ್ಲಿ ಹಳೇ ಎಸ್‌ಬಿ ಖಾತೆ ಒಂದು ಇದೆ.

ಲೆಕ್ಕದ ಪುಸ್ತಕ

ಆಗಲ್ಲ. ಇಲ್ಲಿನ ಮಾಮೂಲಿ ಖಾತೆಯ ರೂಪಾಯಿ ಎನ್‌ಆರ್‌ಇಗೆ ಹೋಗೋ ಹಾಗಿಲ್ಲ, ಅನಿವಾಸಿಗಳ ಇಲ್ಲಿನ ದುಡ್ಡಿಗಿರೋ ಎನ್‌ಆರ್‌ಒ ಖಾತೆಗೆ ಮಾತ್ರ. ಇರೋದು ಇರಲಿ, ಇನ್ನು ಮುಂದಿನ ಸಂಬಳ ಕುವೈತ್‌ನಿಂದ ನೇರ ಎನ್‌ಆರ್‌ಇಗೆ ಬೀಳಲಿ. ಅದರ ಬಡ್ಡಿಗೆ ತೆರಿಗೆ ಇಲ್ಲ, ಅಲ್ಲಿಂದ ಜರ್ಮನಿಗೆ ಕಳಿಸಿದರೆ ಟಿಸಿಎಸ್ ಇಲ್ಲ, ಯಾಕಂದ್ರೆ ಆ ನಿಯಮ ಇರೋದು ನಿವಾಸಿಗಳಿಗೆ. ಎರಡನೇ ವರ್ಷದ ಖರ್ಚಿಗೆ ಇದೇ ಸರಿಯಾದ ದಾರಿ.

ಹಳೇ ಎಸ್‌ಬಿ ಖಾತೆಯನ್ನ ಎನ್‌ಆರ್‌ಒ ಮಾಡಿಸಬೇಕು, ಅದು ನಿಯಮ. ಎನ್‌ಆರ್‌ಒ ಬಡ್ಡಿಗೆ ಸೆಸ್ ಸೇರಿ 31.2% ಟಿಡಿಎಸ್ ಹಿಡೀತಾರೆ, ಹಾಗಾಗಿ ಅದರಲ್ಲಿ ದೊಡ್ಡ ಮೊತ್ತ ಇಡಬೇಡಿ.

ಎನ್‌ಆರ್‌ಇಗೆ ಭಾವನಿಗೆ ಅಧಿಕಾರ ಪತ್ರ ಕೊಡಬಹುದು, ಆದರೆ ಅವರು ಇಲ್ಲಿನ ಪಾವತಿ ಮಾಡಬಹುದು, ಇಲ್ಲವೇ ಹೊರದೇಶದಲ್ಲಿರೋ ಅಕ್ಕನಿಗೇ ಕಳಿಸಬಹುದು, ಅಷ್ಟೇ. ಜರ್ಮನಿಗೆ ಮಗಳ ಖಾತೆಗೆ ಕಳಿಸೋ ಅಧಿಕಾರ ಅವರಿಗಿಲ್ಲ, ಅಕ್ಕನೇ ಕಳಿಸಬೇಕು. ರಜಕ್ಕೆ ಬಂದಾಗ ಖಾತೆ ತೆಗೆದು, ನೆಟ್‌ಬ್ಯಾಂಕಿಂಗ್ ಮಾಡಿಸಿ, ಓಟಿಪಿ ಕುವೈತ್ ನಂಬರಿಗೆ ಬರೋ ಹಾಗೆ ಅಲ್ಲೇ ಕೂತು ಪರೀಕ್ಷೆ ಮಾಡಿಸಿ. ಓಟಿಪಿ ಭಾವನ ಮೊಬೈಲಿಗೆ ಬರೋ ಹಾಗೆ ಬಿಟ್ಟು ಹೋದರೆ ಆಮೇಲೆ ಒಂದೊಂದು ರವಾನೆಗೂ ಫೋನಿನಲ್ಲಿ ಕಿರುಚಾಟ.

ಸೆಮಿಸ್ಟರ್ ಟಿಕೆಟ್ (ಉತ್ತರ)

ಜರ್ಮನಿ ಭಾಗ. ಮೊದಲು ಎಪಿಎಸ್ ಪ್ರಮಾಣಪತ್ರ (ಇಲ್ಲಿನ ಅಂಕಪಟ್ಟಿ, ಪದವಿ ಅಸಲಿ ಅಂತ ಜರ್ಮನಿಯ ಕಡೆಯಿಂದ ಪರಿಶೀಲನೆ), ಶುಲ್ಕ 18,000. ಅದಿಲ್ಲದೆ ವೀಸಾ ಅರ್ಜಿ ತಗೊಳ್ಳಲ್ಲ, ಹಲವು ವಿ.ವಿ.ಗಳು ಪ್ರವೇಶದ ಅರ್ಜಿಗೇ ಕೇಳ್ತವೆ. ಈಗಲೇ ಹಾಕಿ. ವೀಸಾ ಶುಲ್ಕ 75 ಯೂರೋ. ಸರ್ಕಾರಿ ವಿ.ವಿ. ಅಂದ ಮಾತ್ರಕ್ಕೆ ಬಿಟ್ಟಿ ಅಲ್ಲ: ಬಾಡೆನ್-ವ್ಯೂರ್ಟೆಂಬೆರ್ಗ್ ರಾಜ್ಯದಲ್ಲಿ ನಮ್ಮವರಿಗೆ ಸೆಮಿಸ್ಟರ್‌ಗೆ 1,500 ಯೂರೋ, ಮ್ಯೂನಿಕ್ ತಾಂತ್ರಿಕ ವಿ.ವಿ.ಯಲ್ಲಿ 2024ರಿಂದ ಅದಕ್ಕಿಂತ ಜಾಸ್ತಿ. ಪಟ್ಟಿ ಮಾಡುವಾಗ ರಾಜ್ಯ ನೋಡಿ.

ಬ್ಲಾಕ್ಡ್ ಅಕೌಂಟಿನಿಂದ ತಿಂಗಳಿಗೆ ಕೈಗೆ ಬರೋದು 992 ಯೂರೋ ಮಾತ್ರ. ವಿದ್ಯಾರ್ಥಿ ಆರೋಗ್ಯ ವಿಮೆಗೇ 140ರ ಆಸುಪಾಸು ಹೋಗುತ್ತೆ. ಉಳಿದದ್ದರಲ್ಲಿ ಬಾಡಿಗೆ, ಊಟ.

ಮನೆಗೆಲಸ ಮಾಡಬಹುದು. ವಿದ್ಯಾರ್ಥಿ ವೀಸಾದಲ್ಲಿ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಕೆಲಸಕ್ಕೆ ಅವಕಾಶ. 4 ಗಂಟೆಯವರೆಗೆ ಮಾಡಿದ್ದು ಅರ್ಧ ದಿನ. ಆದರೆ ಕೈಗೆ ನಗದು ಇಸ್ಕೊಂಡು ಮಾಡೋದಲ್ಲ, ಅದು ಅಲ್ಲಿ ಕಳ್ಳ ಕೆಲಸ, ಸಿಕ್ಕಿಬಿದ್ದರೆ ವಾಸದ ಪರವಾನಗಿಗೇ ಕುತ್ತು. ಸ್ವಂತ ಉದ್ಯೋಗ ಅಂತ ಬಿಲ್ಲು ಕೊಡೋದಕ್ಕೂ ವಿದೇಶಿಯರ ಕಚೇರಿಯ ಅನುಮತಿ ಬೇಕು. ಸರಿಯಾದ ದಾರಿ ‘ಮಿನಿಜಾಬ್’, ಅಂದರೆ ತಿಂಗಳ ಗಳಿಕೆಗೆ ಮಿತಿ ಇರೋ ನೋಂದಾಯಿತ ಸಣ್ಣ ಕೆಲಸ. ಆ ಮನೆಯವರು ಮಿನಿಜಾಬ್ ಕೇಂದ್ರದಲ್ಲಿ ‘ಹೌಸ್‌ಹಾಲ್ಟ್ಸ್‌ಶೆಕ್’ ಅನ್ನೋ ಒಂದು ಫಾರಂ ತುಂಬಿ ನೋಂದಾಯಿಸಬೇಕು. 2025ರಲ್ಲಿ ತಿಂಗಳ ಮಿತಿ 556 ಯೂರೋ, ಕನಿಷ್ಠ ಕೂಲಿ ಗಂಟೆಗೆ 12.82 ಇತ್ತು. 2026ರ ಜನವರಿಯಿಂದ 603 ಮತ್ತು 13.90. ಅಂದರೆ ತಿಂಗಳಿಗೆ ಸುಮಾರು 43 ಗಂಟೆ, ವಾರಕ್ಕೆ ಹತ್ತು. ಎರಡು ಮನೆಯಲ್ಲಿ ಮಾಡಿದರೂ ಎರಡೂ ಸೇರಿ ಅದೇ ಮಿತಿ.

ಎಲ್ಲರೂ ಎಡವೋದು ಇಲ್ಲಿ: ಅಂಗಡಿ, ಹೋಟೆಲ್ ಮಿನಿಜಾಬ್‌ನಲ್ಲಿ ಪಿಂಚಣಿಗೆ ನಿಮ್ಮ ಪಾಲು 3.6%. ಮನೆಗೆಲಸದ ಮಿನಿಜಾಬ್‌ನಲ್ಲಿ ಮಾಲೀಕರ ಪಾಲು ಬರೀ 5%, ಹಾಗಾಗಿ ನಿಮ್ಮದು 13.6%. 603ಕ್ಕೆ 82 ಯೂರೋ ಹೋಯಿತು. ಪಿಂಚಣಿ ವಿನಾಯ್ತಿ ಬೇಕು ಅಂತ ಮೊದಲ ದಿನವೇ ಬರೆದು ಕೊಟ್ಟರೆ ಅದು ಉಳಿಯುತ್ತೆ. ಕೇಳದಿದ್ದರೆ ತಾನಾಗೇ ಕಟ್ ಆಗ್ತಿರುತ್ತೆ.

ನೋಂದಣಿ ಯಾಕೆ, ಸುಮ್ಮನೆ ನಗದು ಕೊಡ್ತೀವಿ ಅಂತ ಮನೆಯವರು ಅಂದರೆ ಅವರ ಲಾಭವನ್ನೇ ಹೇಳಬೇಕು: ಖರ್ಚಿನ 20%, ವರ್ಷಕ್ಕೆ 510 ಯೂರೋವರೆಗೆ, ಅವರ ತೆರಿಗೆಯಲ್ಲಿ ಕಳೆಯುತ್ತೆ. ಮೆಟ್ಟಿಲಲ್ಲಿ ಜಾರಿಬಿದ್ದರೆ ಅಪಘಾತ ವಿಮೆಯೂ ಸಿಗುತ್ತೆ.

‘ಔ ಪೇರ್’ ವೀಸಾನ ಬಿಟ್ಟಿ ಓದು ಅಂತ ಮಾರೋ ಏಜೆಂಟ್‌ಗಳಿದ್ದಾರೆ, ಹುಷಾರು. ಅದರಲ್ಲಿ ವಾರಕ್ಕೆ 30 ಗಂಟೆವರೆಗೆ ಮಗು ನೋಡ್ಕೊಳ್ಳೋದು, ಊಟ-ರೂಮು, ತಿಂಗಳಿಗೆ 280 ಯೂರೋ ಕೈಖರ್ಚು, ಹೆಚ್ಚೆಂದರೆ ಒಂದು ವರ್ಷ. ಎಂ.ಎಸ್. ಸೀಟಿಗೂ ಅದಕ್ಕೂ ಸಂಬಂಧ ಇಲ್ಲ.

ಕೊನೆಗೆ, ಎರಡನೇ ವರ್ಷ ಪರವಾನಗಿ ನವೀಕರಣಕ್ಕೆ ಮತ್ತೆ ದುಡ್ಡು ತೋರಿಸಬೇಕು. ಆಗ ನೋಂದಾಯಿತ ಮಿನಿಜಾಬ್‌ನ ಸಂಬಳ ಚೀಟಿ ಕೆಲಸಕ್ಕೆ ಬರುತ್ತೆ, ನಗದಿನ ಕೆಲಸ ಬರಲ್ಲ. ಆ ಸಂಪಾದನೆಯಲ್ಲಿ ಊರಿನ ಸಾಲ ತೀರಿಸ್ತೀನಿ ಅಂತ ಮಾತ್ರ ಲೆಕ್ಕ ಹಾಕಬೇಡಿ.

ಸಾಲ್ಮಿಯಾ ಬಸ್ಸು (ಉತ್ತರ)

ಅಕ್ಕನ ಲೆಕ್ಕದಲ್ಲಿ ಒಂದು ಬಾಬ್ತು ಬಿಟ್ಟಿದ್ದೀರಿ. ಕುವೈತ್‌ನ 2015ರ 68ನೇ ಕಾನೂನಿನ ಪ್ರಕಾರ ಮನೆಗೆಲಸದವರಿಗೂ ಕೆಲಸ ಮುಗಿದಾಗ ವರ್ಷಕ್ಕೊಂದು ತಿಂಗಳ ಸಂಬಳ ಕೊಡಬೇಕು. 9 ವರ್ಷಕ್ಕೆ 990 ದಿನಾರ್, ಇವತ್ತಿನ ದರದಲ್ಲಿ ಎರಡೂಮುಕ್ಕಾಲು ಲಕ್ಷದ ಮೇಲೆ. ಮೊದಲ ವರ್ಷದ ಓದಿಗೆ ಅದನ್ನ ಲೆಕ್ಕ ಹಾಕಬೇಡಿ, ಕೆಲಸ ಬಿಟ್ಟಾಗಲೇ ಬರೋದು. ಆದರೆ ಬಿಡುವಾಗ ‘ಎಲ್ಲ ಬಾಕಿ ಮುಟ್ಟಿದೆ’ ಅನ್ನೋ ಅರಬ್ಬಿ ಕಾಗದಕ್ಕೆ ದುಡ್ಡು ಕೈಗೆ ಬರೋ ಮುಂಚೆ ಸಹಿ ಹಾಕಬಾರದು. ಮೂಲ ಕರಾರಿನ ಎರಡೂ ಕಡೆಯ ಫೋಟೋ ಮಗಳ ಫೋನಿನಲ್ಲಿ ಇರಲಿ. ಪಾಸ್‌ಪೋರ್ಟನ್ನ ಒಪ್ಪಿಗೆ ಇಲ್ಲದೆ ಮನೆಯವರು ಇಟ್ಟುಕೊಳ್ಳೋ ಹಾಗಿಲ್ಲ. ಎನ್‌ಆರ್‌ಇ ಖಾತೆಗೂ ಪಾಸ್‌ಪೋರ್ಟ್ ಬೇಕು, ಅದು ಯಾರ ಹತ್ತಿರ ಇದೆ ಅಂತ ಈಗಲೇ ಕೇಳಿಕೊಳ್ಳಿ.

ಮನೆಯಲ್ಲಿ ದುಡಿಯೋದು ಅವರೊಬ್ಬರೇ, ಅವರ ನಂಬಿಕೆ ಮೇಲೆ 7.5 ಲಕ್ಷದ ಸಾಲ. ಇಸಿಆರ್ ಪಾಸ್‌ಪೋರ್ಟ್ (ಕೆಲಸಕ್ಕೆ ಹೊರದೇಶಕ್ಕೆ ಹೋಗಲು ಸರ್ಕಾರದ ವಲಸೆ ಅನುಮತಿ ಬೇಕಿರೋದು) ಆಗಿದ್ದರೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ನಡೀತಿದೆಯಾ ನೋಡಿ: 10 ಲಕ್ಷದ ವಿಮೆ, 2 ವರ್ಷಕ್ಕೆ 275 ರೂಪಾಯಿ, 3 ವರ್ಷಕ್ಕೆ 375. ಹೋಗುವಾಗ ಮಾಡಿಸಿದ್ದು ಮುಗಿದುಹೋಗಿರುತ್ತೆ, ನವೀಕರಿಸಿರೋರು ಕಡಿಮೆ.

ಕೈವಾರ ಕ್ರಾಸ್

ಪಾಸ್‌ಪೋರ್ಟ್ ಮನೆಯವರ ಬೀರುವಿನಲ್ಲಿದೆಯಂತೆ. ಕೇಳಿ ಇಸ್ಕೊಳ್ಳೋಕೆ ಹೇಳಿದ್ದೀನಿ. ಎಪಿಎಸ್ ಅರ್ಜಿ ನಾಳೆ ಹಾಕ್ತಾಳೆ, ಸೋಮವಾರ ಬ್ಯಾಂಕಿಗೆ ಹೋಗ್ತೀವಿ. ಸೈಟಿನದು 11ಬಿ, ಈಗ ನೋಡಿದೆ.