ಲ್ಯಾಬಲ್ಲಿ 30 ಉಬುಂಟು ಸಿಸ್ಟಂ, ಅಪ್‌ಡೇಟ್ ಶುರುವಾದ್ರೆ ನೆಟ್ಟೇ ನಿಂತೋಗುತ್ತೆ

ಪ್ರಶ್ನೆ: ಸರ್ ನಮಸ್ಕಾರ, ಡಿಗ್ರಿ ಕಾಲೇಜಲ್ಲಿ ಕಂಪ್ಯೂಟರ್ ಲ್ಯಾಬ್ ನೋಡ್ಕೋತೀನಿ, 30 ಸಿಸ್ಟಂ ಇವೆ, ಎಲ್ಲಾ ಉಬುಂಟು 24.04 (ಲಿನಕ್ಸ್). ಬೆಳಗ್ಗೆ ಆನ್ ಮಾಡಿ ಸ್ವಲ್ಪ ಹೊತ್ತಿಗೇ ಒಂದೊಂದೂ ಅಪ್‌ಡೇಟ್ ಇಳಿಸ್ಕೊಳ್ಳೋಕೆ ಶುರು ಮಾಡ್ತವೆ, ನೆಟ್ ಪೂರ್ತಿ ಜಾಮ್, ಪ್ರಾಕ್ಟಿಕಲ್ಸ್ ನಡ್ಸೋಕಾಗ್ತಿಲ್ಲ. ಆಟೋ ಅಪ್‌ಡೇಟ್ ಆಫ್ ಮಾಡ್ಬಿಡ್ಲಾ?

ಉತ್ತರ: ದಯವಿಟ್ಟು ಆಫ್ ಮಾಡ್ಬೇಡಿ ಮೇಡಂ, ಮಕ್ಕಳು ಪೆನ್‌ಡ್ರೈವ್ ಹಾಕೋ ಸಿಸ್ಟಂಗಳವು, ಸೆಕ್ಯುರಿಟಿ ಪ್ಯಾಚ್ ನಿಲ್ಲಲೇಬಾರದು. ರಾತ್ರಿ ಆಫ್ ಇರೋದ್ರಿಂದ ತಪ್ಪಿಹೋದ ಅಪ್‌ಡೇಟನ್ನ ಅವು ಬೆಳಗ್ಗೆ ಮಾಡ್ಕೋತವೆ, ಅಷ್ಟೇ. ನಿಜವಾದ ತೊಂದರೆ ಏನಂದ್ರೆ ಅದೇ ಫೈಲನ್ನ 30 ಸಲ ಹೊರಗಿಂದ ತರ್ತಿದೀರಿ. 200 ಎಂಬಿ ಅಪ್‌ಡೇಟ್ ಅಂದ್ಕೊಳ್ಳಿ, ಅಲ್ಲಿಗೆ 6 ಜಿಬಿ ಆಯ್ತು.

ಯಾವಾಗ್ಲೂ ಆನ್ ಇರೋ ಒಂದು ಸಿಸ್ಟಂಗೆ ಆಪ್ಟ್-ಕ್ಯಾಷರ್-ಎನ್‌ಜಿ (ಒಂದ್ಸಲ ಇಳಿಸಿದ ಫೈಲನ್ನ ಇಟ್ಕೊಂಡು ಬೇರೆ ಸಿಸ್ಟಂಗಳಿಗೆ ಕೊಡೋ ಸಾಫ್ಟ್‌ವೇರ್) ಹಾಕಿ, ಫ್ರೀ, ಹಳೇ ಮಷೀನಾದ್ರೂ ಸಾಕು, ಡಿಸ್ಕಲ್ಲಿ ಜಾಗ ಇರ್ಬೇಕು, ಐಪಿ ಬದಲಾಗ್ದಂಗೆ ಫಿಕ್ಸ್ ಮಾಡಿರ್ಬೇಕು. ಮಿಕ್ಕ ಸಿಸ್ಟಂಗಳ ಆಪ್ಟ್ (ಉಬುಂಟುನಲ್ಲಿ ಸಾಫ್ಟ್‌ವೇರ್ ಇಳಿಸಿ ಹಾಕೋ ಟೂಲ್) ಸೆಟ್ಟಿಂಗಲ್ಲಿ ಎಚ್‌ಟಿಟಿಪಿ ಪ್ರಾಕ್ಸಿ (ನಡುವೆ ನಿಂತು ಫೈಲ್ ತಂದುಕೊಡೋ ಸಿಸ್ಟಂ) ಅಂತ ಆ ಐಪಿ, ಪೋರ್ಟ್ 3142 ಕೊಡಿ. ಮೊದಲನೇ ಸಿಸ್ಟಂ ಕೇಳಿದಾಗ ಪ್ಯಾಕೇಜ್ ಹೊರಗಿಂದ ಬರುತ್ತೆ, ಆಮೇಲೆ ಕೇಳಿದವಕ್ಕೆಲ್ಲಾ ಲ್ಯಾನ್ ಒಳಗೇ ಸಿಗುತ್ತೆ. ಎಚ್‌ಟಿಟಿಪಿಲಿ ಎನ್‌ಕ್ರಿಪ್ಶನ್ ಇಲ್ವಲ್ಲಾ ಅಂತ ಭಯ ಬೇಡ, ಪ್ಯಾಕೇಜ್ ಪಟ್ಟಿಗೆ ಡಿಜಿಟಲ್ ಸಹಿ ಇರುತ್ತೆ, ನಡುವೆ ಯಾರಾದ್ರೂ ಫೈಲ್ ಕೆಡಿಸಿದ್ರೆ ಆಪ್ಟ್ ಒಪ್ಪಲ್ಲ. ಕ್ರೋಮ್, ವಿಎಸ್ ಕೋಡ್ ತರದವು ಎಚ್‌ಟಿಟಿಪಿಎಸ್ ಮೇಲೆ ಬರೋದ್ರಿಂದ ಇಲ್ಲಿ ಕ್ಯಾಷ್ ಆಗಲ್ಲ, ಅದಕ್ಕೆ "ಡೈರೆಕ್ಟ್" ಅಂತ ಅದೇ ಸೆಟ್ಟಿಂಗಲ್ಲಿ ಇನ್ನೊಂದು ಸಾಲು (ಪ್ರಾಕ್ಸಿ ಬಿಟ್ಟು ನೇರ ಹೋಗು ಅಂತ) ಹಾಕ್ಬೇಕು, ಇಲ್ದಿದ್ರೆ ಎರರ್ ಹೊಡಿಯುತ್ತೆ.

ಪ್ರಶ್ನೆ: ಫೈರ್‌ಫಾಕ್ಸೂ ಇದ್ರಲ್ಲೇ ಬರುತ್ತಾ ಸರ್? ಮತ್ತೆ 30ಕ್ಕೂ ಒಂದೊಂದಾಗಿ ಕೂತು ಸೆಟ್ಟಿಂಗ್ ಮಾಡ್ಬೇಕಾ?

ಉತ್ತರ: ಫೈರ್‌ಫಾಕ್ಸ್ ಉಬುಂಟುನಲ್ಲಿ ಸ್ನ್ಯಾಪ್ (ಉಬುಂಟುವಿನ ಇನ್ನೊಂದು ಬಗೆ ಪ್ಯಾಕೇಜ್) ಆಗಿ ಬರುತ್ತೆ, ಅದು ಆಪ್ಟ್ ದಾರೀಲಿ ಹೋಗಲ್ಲ, ಸ್ನ್ಯಾಪ್‌ನ ರಿಫ್ರೆಶ್ ಟೈಮರನ್ನ ಲ್ಯಾಬ್ ಖಾಲಿ ಇರೋ ಹೊತ್ತಿಗೆ ಇಡಿ.

ಒಂದೊಂದಾಗಿ ಕೂರೋದೇನೂ ಬೇಡ, ಆನ್ಸಿಬಲ್ (ಒಂದೇ ಕಡೆಯಿಂದ ಹಲವು ಸಿಸ್ಟಂ ಸೆಟ್ ಮಾಡೋ ಟೂಲ್) ಕಲೀರಿ. ಸಿಸ್ಟಂಗಳಲ್ಲಿ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗೋ ವ್ಯವಸ್ಥೆ) ಮತ್ತು ಪೈಥಾನ್ ಇದ್ರೆ ಆಯ್ತು, ನಿಮ್ ಟೇಬಲ್ಲಿಂದಲೇ ಎಲ್ಲಕ್ಕೂ ಹೋಗುತ್ತೆ. ಆದ್ರೆ ಒಂದೇ ಏಟಿಗೆ 30ಕ್ಕೂ ಬಿಡ್ಬೇಡಿ, ಇದನ್ನ ನಾನು ಒತ್ತಿ ಹೇಳ್ತೀನಿ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಅನ್ನೋ ಸೆಕ್ಯುರಿಟಿ ಕಂಪನಿಯ ಒಂದು ಕೆಟ್ಟ ಅಪ್‌ಡೇಟ್ ಸುಮಾರು 85 ಲಕ್ಷ ವಿಂಡೋಸ್ ಮಷೀನ್ ಕೆಡಿಸ್ತು, ಹಂತಹಂತವಾಗಿ ಬಿಟ್ಟಿದ್ರೆ ಅಷ್ಟೊಂದು ಕಡೆ ಹೋಗ್ತಿರ್ಲಿಲ್ಲ. ಮೊದ್ಲು ಎರಡು ಸಿಸ್ಟಂಗೆ ಹಾಕಿ, ಸಿ ಕಂಪೈಲರ್, ಪ್ರಿಂಟರ್ ಎಲ್ಲಾ ಸರಿ ಇದ್ಯಾ ಒಂದಿನ ನೋಡಿ, ಆಮೇಲೆ ಪ್ಲೇಬುಕ್ಕಲ್ಲಿ (ಆನ್ಸಿಬಲ್‌ಗೆ ಕೊಡೋ ಕೆಲಸದ ಪಟ್ಟಿ) ಸೀರಿಯಲ್ 5 ಅಂತ ಕೊಟ್ರೆ ಐದೈದೇ ಮಾಡ್ಕೊಂಡು ಹೋಗುತ್ತೆ. ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಅಪ್‌ಡೇಟ್ ಆಗಿದ್ರೆ ರೀಬೂಟ್ ಆಗೋವರ್ಗೂ ಹಳೇ ಕರ್ನಲ್ಲೇ ಓಡ್ತಿರುತ್ತೆ, ಅದಕ್ಕೆ ಸಂಜೆ ಸುಮ್ನೆ ಸಸ್ಪೆಂಡ್ ಮಾಡ್ದೆ ಪೂರ್ತಿ ಶಟ್‌ಡೌನ್ ಮಾಡಿಸಿ.