ರಿವಾಲ್ವರ್ ಬೇಗ ತುಂಬಲು ಯಾವ ಎರಕದ ಬುಲೆಟ್ ಒಳ್ಳೇದು?

ಆರುಮನೆ:
ಅಮೆರಿಕದಲ್ಲಿ ಐಕೋರ್ (ರಿವಾಲ್ವರಿಗೇ ಮೀಸಲಾದ ಶೂಟಿಂಗ್ ಸ್ಪರ್ಧೆ) ಮ್ಯಾಚು, ಕ್ಲಾಸಿಕ್ ವಿಭಾಗ. ಗನ್ನು ಸ್ಮಿತ್ ಅಂಡ್ ವೆಸ್ಸನ್ 686, ಆರು ಗುಂಡಿನದು. .38 ಸ್ಪೆಷಲ್ ಕೇಸು, ಸಫಾರಿಲ್ಯಾಂಡ್ ಕಾಂಪ್ 2 ಸ್ಪೀಡ್‌ಲೋಡರ್ (ಆರೂ ಗುಂಡು ಒಟ್ಟಿಗೆ ತುಂಬೋ ಸಾಧನ). ಎರಕ ಹೊಯ್ದ 158 ಗ್ರೇನ್ (ಬುಲೆಟ್ ತೂಕದ ಅಳತೆ) ಸೆಮಿ ವಾಡ್‌ಕಟರ್ ಬುಲೆಟ್, ಮೇಣದ ಲ್ಯೂಬ್. ಗುರಿಯ ವಿಷಯದಲ್ಲಿ ತಕರಾರಿಲ್ಲ. ರೀಲೋಡ್ ಮಾಡುವಾಗ ಮಾತ್ರ ಆರರಲ್ಲಿ ಒಂದೋ ಎರಡೋ ಚೇಂಬರ್ (ಸಿಲಿಂಡರಿನಲ್ಲಿ ಗುಂಡು ಕೂರೋ ತೂತು) ಬಾಯಲ್ಲೇ ಕಚ್ಚಿಕೊಳ್ಳುತ್ತೆ. ಅಲ್ಲಾಡಿಸಿದರೆ ಇಳಿಯುತ್ತೆ, ಅಷ್ಟರಲ್ಲಿ ಸಮಯ ಹೋಗಿರುತ್ತೆ. ಅಚ್ಚು ಬದಲಾಯಿಸಬೇಕಾ, ಚೇಂಬರ್ ಬಾಯಿ ಉಜ್ಜಿಸಬೇಕಾ? 125 ಗ್ರೇನ್ ಹಾಕಿದರೆ ಬೇಗ ಇಳಿಯುತ್ತಾ?

ಸೀಸದ ಕುಲುಮೆ:
ಅಚ್ಚೇ ಮೊದಲು. ಸೆಮಿ ವಾಡ್‌ಕಟರಿನ ಮೂತಿ ಮುಗಿದ ಕಡೆ ಒಂದು ಚೂಪು ಹೆಗಲಿದೆಯಲ್ಲ, ಕಚ್ಚೋದು ಅದೇ. ಸ್ಪೀಡ್‌ಲೋಡರಲ್ಲಿ ಗುಂಡುಗಳು ಸ್ವಲ್ಪ ಅಲುಗಾಡುತ್ತಾ ನೇತಾಡ್ತಿರುತ್ತವೆ. ಮೂತಿ ಒಳಗೆ ಹೋದರೂ ಹೆಗಲು ಚೇಂಬರಿನ ಅಂಚಿಗೆ ಕೂರುತ್ತೆ. ಒಂದು ನಿಂತರೆ ಉಳಿದ ಐದೂ ನಿಂತವು. ದುಂಡು ಮೂತಿಗೆ ಹೆಗಲೇ ಇಲ್ಲ, ಅಂಚಿಗೆ ತಾಗಿದರೂ ಜಾರಿ ತಾನೇ ನಡುವಿಗೆ ಬರುತ್ತೆ. ಲೈಮನ್ 358311 ಹಳೇ ಅಚ್ಚು, ಸುಮಾರು 160 ಗ್ರೇನ್, ಈ ಕೆಲಸಕ್ಕೆ ಹೇಳಿ ಮಾಡಿಸಿದಂಗಿದೆ.

ಅಚ್ಚಿಗೆ ದುಡ್ಡು ಹಾಕೋ ಮುಂಚೆ ಎರಡೂ ಆಕಾರದ ಬುಲೆಟ್ ಹಾಕಿ ಆರಾರು ಡಮ್ಮಿ ಮಾಡ್ಕೊಳ್ಳಿ. ಮದ್ದೂ ಬೇಡ, ಪ್ರೈಮರೂ ಬೇಡ. ನಳಿಗೆ ನೆಲದ ಕಡೆ ಇಟ್ಟು ಇಪ್ಪತ್ತು ಸಲ ತುಂಬಿ ನೋಡಿ, ಎಷ್ಟು ಸಲ ಕಚ್ಚಿತು ಎಣಿಸಿ.

125 ಗ್ರೇನ್ ಬೇಡ. ಐಕೋರಿಗೆ ಪವರ್ ಫ್ಯಾಕ್ಟರ್ 120 ಬೇಕು, ಅಂದರೆ ಗ್ರೇನನ್ನು ವೇಗದಿಂದ ಗುಣಿಸಿ ಸಾವಿರದಿಂದ ಭಾಗಿಸಿದ್ದು. 125 ಗ್ರೇನಿಗೆ ಸೆಕೆಂಡಿಗೆ 960 ಅಡಿ ವೇಗ ಬೇಕಾದರೆ 158ಕ್ಕೆ 760 ಸಾಕು. 800 ಇಟ್ಟುಕೊಂಡರೆ 126 ಬರುತ್ತೆ, ಚಳಿಯ ದಿನಕ್ಕೂ ಕೈ ಬಿಡಲ್ಲ. ಮೇಲಾಗಿ ಹಗುರ ಬುಲೆಟ್ ಗಿಡ್ಡ, ಕೇಸಿನಿಂದ ಹೊರಗೆ ಮೂತಿ ಕಮ್ಮಿ. ದಾರಿ ಹುಡುಕೋದೇ ಆ ಮೂತಿ.

ಆ ವೇಗಕ್ಕೆ ಗಟ್ಟಿ ಸೀಸವೂ ಬೇಕಿಲ್ಲ, ಗಟ್ಟಿತನದ ಬ್ರಿನೆಲ್ ಅಳತೆಯಲ್ಲಿ 10ರಿಂದ 12 ಧಾರಾಳ. ಗಟ್ಟಿತನಕ್ಕಿಂತ ಅಳತೆ ಮುಖ್ಯ: .358 ಇಂಚಿಗೆ ಸೈಜ್ ಮಾಡಿ, ಸಿಲಿಂಡರಿನ ಮುಂದಿನಿಂದ ಪ್ರತಿ ಥ್ರೋಟಿಗೂ (ಚೇಂಬರಿನ ಮುಂದಿನ ಕಿರಿದಾದ ಭಾಗ) ಒಂದು ಬುಲೆಟ್ ಒತ್ತಿ. ಬೆರಳಿನ ಬಲಕ್ಕೆ ಬಿಗಿಯಾಗಿ ಹೋಗಬೇಕು. ಬುಳಕ್ ಅಂತ ಬಿದ್ದರೆ ಫೋರ್ಸಿಂಗ್ ಕೋನಿನ (ನಳಿಗೆ ಶುರುವಾಗೋ ಕಡೆಯ ಅಗಲ ಬಾಯಿ) ಹತ್ತಿರ ಸೀಸ ಮೆತ್ತಿಕೊಳ್ಳುತ್ತೆ.

ಮೇಣದ ಲ್ಯೂಬ್ ಬಿಟ್ಟುಬಿಡಿ. ಮೂತಿಗೆ ಅಂಟಿದ ಮೇಣಕ್ಕೆ ಮರಳು, ಮಸಿ ಎಲ್ಲಾ ಹತ್ತುತ್ತೆ. ಪೌಡರ್ ಕೋಟ್ (ಬಣ್ಣದ ಪುಡಿ ಹಚ್ಚಿ ಬೇಯಿಸೋದು) ಮಾಡಿ, 200 ಡಿಗ್ರಿ ಸೆಲ್ಸಿಯಸ್ಸಿನಲ್ಲಿ 20 ನಿಮಿಷ. ಅಡಿಗೆಮನೆ ಓವನ್ ಮುಟ್ಟಬೇಡಿ, ಇದಕ್ಕೇ ಬೇರೆ ಇಡಿ. ಕೋಟಿಂಗ್ ಮೇಲೆ ಒಂದೆರಡು ಸಾವಿರಾಂಶ ಇಂಚು ಏರುತ್ತೆ, ಹಾಗಾಗಿ ಸೈಜಿಂಗ್ ಕೋಟಿಂಗ್ ಆದ ಮೇಲೆ.

ಬಲಗೈ:
ಒಂದು ಮಾತು ಸೆಮಿ ವಾಡ್‌ಕಟರ್ ಪರವಾಗಿ. ಕಾಗದದಲ್ಲಿ ಪಂಚ್ ಹೊಡೆದ ಹಾಗೆ ದುಂಡು ತೂತು ಬೀಳುತ್ತೆ. ದುಂಡು ಮೂತಿಯದು ಹರಿದು ಬರುತ್ತೆ, ಗೆರೆ ಮುಟ್ಟಿತೋ ಇಲ್ಲವೋ ಅನ್ನೋ ಜಗಳ ಶುರು. ಆದರೂ ರೀಲೋಡಲ್ಲಿ ಹೋಗೋ ಸೆಕೆಂಡು ಅದಕ್ಕಿಂತ ದುಬಾರಿ, ಒಪ್ಪಿದೆ.

ಬುಲೆಟ್ಟನ್ನೇ ಬೈಯೋ ಮುಂಚೆ ಗ್ರಿಪ್ ನೋಡಿ. ಎಡಗಡೆ ಹಲಗೆ ದಪ್ಪ ಇದ್ದರೆ ಸ್ಪೀಡ್‌ಲೋಡರಿನ ಮೈ ಅದಕ್ಕೆ ತಾಗಿ ಓರೆಯಾಗುತ್ತೆ. ಯಾವಾಗಲೂ ಗ್ರಿಪ್ ಪಕ್ಕದ ಗುಂಡುಗಳೇ ಕಚ್ಚುತ್ತಿದ್ದರೆ ಅನುಮಾನ ಬೇಡ, ಅದೇ. ಕಾಂಪ್ 2ರ ನಡು ಭಾಗ ಎಕ್ಸ್‌ಟ್ರಾಕ್ಟರ್ ನಕ್ಷತ್ರಕ್ಕೆ (ಖಾಲಿ ಕೇಸು ಹೊರತಳ್ಳೋ ನಕ್ಷತ್ರಾಕಾರದ ತುಂಡು) ನೆಟ್ಟಗೆ ಒತ್ತಿದರೆ ಮಾತ್ರ ಗುಂಡು ಬಿಡೋದು.

ಚೇಂಬರ್ ಬಾಯಿ ಉಜ್ಜಿಸೋದು ಕೊನೆಯ ಉಪಾಯ, ಅದೂ ಚೂಪು ಅಂಚು ಮುರಿಯುವಷ್ಟೇ. ನಕ್ಷತ್ರವನ್ನು ಜಾಸ್ತಿ ಕೊರೆದರೆ ಕೇಸಿನ ಬುಡದ ರಿಮ್ಮಿಗೆ ಸಿಗೋ ಹಿಡಿತ ಹೋಗುತ್ತೆ. ಖಾಲಿ ಕೇಸು ನಕ್ಷತ್ರದ ಅಡಿಗೆ ಜಾರಿ ಕೂತರೆ ಆ ಸ್ಟೇಜ್ ಅಲ್ಲಿಗೇ ಮುಗೀತು.

ಮೂನ್‌ಕ್ಲಿಪ್ ಮಂದಿ:
ಕ್ಲಾಸಿಕ್ ಬಿಟ್ಟು ಬೇರೆ ವಿಭಾಗಕ್ಕೆ ಹೋದರೆ ಮೂನ್‌ಕ್ಲಿಪ್ಪೇ (ಎಲ್ಲಾ ಗುಂಡನ್ನೂ ಹಿಡಿದು ಅವುಗಳ ಜೊತೆಗೇ ಸಿಲಿಂಡರಲ್ಲಿ ಕೂರೋ ಲೋಹದ ಬಿಲ್ಲೆ) ರಾಜ. ಅಮೆರಿಕದ ರಿವಾಲ್ವರ್ ಶೂಟರ್ ಜೆರ್ರಿ ಮಿಕ್ಯುಲೆಕ್ 1999ರಲ್ಲಿ ಆರು ಹೊಡೆದು, ತುಂಬಿ, ಮತ್ತಾರು ಹೊಡೆದದ್ದು 2.99 ಸೆಕೆಂಡಿನಲ್ಲಿ. ಅದು ಸ್ಮಿತ್ ಅಂಡ್ ವೆಸ್ಸನ್ 625, .45 ಎಸಿಪಿ, ಮೂನ್‌ಕ್ಲಿಪ್. ಗಿಡ್ಡ ದಪ್ಪ ಕೇಸು, ದುಂಡು ಮೂತಿ. ಎಂಟು ಗುಂಡಿನ 627ರವರು ಅದೇ ಕಾರಣಕ್ಕೆ .38 ಶಾರ್ಟ್ ಕೋಲ್ಟ್ ಕೇಸು ಹಾಕ್ತಾರೆ. ಕ್ಲಿಪ್ ಸೊಟ್ಟಗಾಗಿದ್ದರೆ ಮಾತ್ರ ಸಿಲಿಂಡರ್ ತಿರುಗೋದೇ ಇಲ್ಲ, ಒಂದೊಂದನ್ನೂ ಗನ್ನಲ್ಲೇ ಕೂರಿಸಿ ತಿರುಗಿಸಿ ನೋಡಿ.

ಆರುಮನೆ:
ದುಂಡು ಮೂತಿಯ ಡಮ್ಮಿ ಮಾಡಿದೆ. ಇಪ್ಪತ್ತರಲ್ಲಿ ಎರಡು ಸಲ ಕಚ್ಚಿತು, ಎರಡೂ ಸಲ ಒಂದೇ ಗುಂಡು. ಅದರ ಕೇಸಿನ ಬಾಯಿ ಹತ್ತಿರ ಸೀಸದ ತೆಳು ಬಳೆ ಥರ ಇದೆ.

ಸೀಸದ ಕುಲುಮೆ:
ಬುಲೆಟ್ ಕೂರಿಸೋದು, ಕ್ರಿಂಪ್ ಮಾಡೋದು (ಕೇಸಿನ ಬಾಯಿ ಒಳಕ್ಕೆ ಮಡಿಸೋದು) ಒಂದೇ ಡೈಯಲ್ಲಿ ಒಟ್ಟಿಗೆ ಆಗ್ತಿದೆ ಅನ್ಸುತ್ತೆ. ಬುಲೆಟ್ ಇನ್ನೂ ಇಳೀತಿರುವಾಗಲೇ ಕೇಸಿನ ಬಾಯಿ ಒಳಕ್ಕೆ ಬಾಗಿ ಸೀಸ ಹೆರೆಯುತ್ತೆ. ಎರಡು ಹಂತ ಮಾಡಿ: ಮೊದಲು ಬುಲೆಟ್ಟಿನ ಕ್ರಿಂಪ್ ತೋಡಿನವರೆಗೆ ಕೂರಿಸಿ, ಆಮೇಲೆ ಬೇರೆ ಡೈಯಲ್ಲಿ ರೋಲ್ ಕ್ರಿಂಪ್. ಕೇಸಿನ ಬಾಯಿ ಅಗಲಿಸೋದನ್ನೂ ನೋಡ್ಕೊಳ್ಳಿ. ಬುಲೆಟ್ಟಿನ ಬುಡ ಹೆರೆಯದೆ ಕೂತರೆ ಸಾಕು, ಅದಕ್ಕಿಂತ ಹೆಚ್ಚು ಬೇಡ. ಆದ ಮೇಲೆ ಬಾಯಿಯ ಮೇಲೆ ಉಗುರು ಎಳೆಯಿರಿ, ಸಿಕ್ಕಿಕೊಳ್ಳಬಾರದು. ಕ್ರಿಂಪ್ ಸಡಿಲವೂ ಇರಬಾರದು, ಹಿಮ್ಮೆಟ್ಟುವ ಜೋರಿಗೆ ಬುಲೆಟ್ ಮುಂದಕ್ಕೆ ಬಂದು ಸಿಲಿಂಡರ್ ಕಟ್ಟಿಬಿಡುತ್ತೆ. ಐದು ಹೊಡೆದು ಆರನೆಯದರ ಉದ್ದ ಅಳೆದರೆ ಗೊತ್ತಾಗುತ್ತೆ.

ಮ್ಯಾಚಿನ ಹಿಂದಿನ ರಾತ್ರಿ ಗುಂಡು ಪರೀಕ್ಷಿಸೋದಾದರೆ ಗನ್ನಿಂದ ಸಿಲಿಂಡರನ್ನು ಬಿಚ್ಚಿ ತೆಗೆದು, ಅದರಲ್ಲೇ ಒಂದೊಂದಾಗಿ ಬಿಟ್ಟು ನೋಡಿ. ತಮ್ಮ ಭಾರಕ್ಕೇ ಟಕ್ ಅಂತ ಪೂರ್ತಿ ಇಳಿದವು ಮ್ಯಾಚಿಗೆ, ಉಳಿದವು ಅಭ್ಯಾಸಕ್ಕೆ.