ಹಗೇವಿನಲ್ಲಿ ಲಾಟೀನು ಆರದಿದ್ದರೆ ಇಳಿಯಬಹುದೇ?

ಕರಿನೆಲ:
ನಮ್ಮ ಹಗೇವು (ಕಾಳು ತುಂಬಿಡುವ ನೆಲದೊಳಗಿನ ಗುಂಡಿ) 10 ಅಡಿ ಆಳ, 8 ಅಡಿ ಅಗಲ, ಬಾಯಿ 2 ಅಡಿ. ಜೋಳ ತುಂಬಿ ಎಂಟು ತಿಂಗಳಾಯಿತು, ಈಗ ತೆಗೆಯಬೇಕು. ಇಂಗಾಲದ ಡೈಆಕ್ಸೈಡ್ ಭಾರ, ಅದಕ್ಕೇ ಹೊರಗಿನಿಂದ ಬಂದು ಗುಂಡಿಯಲ್ಲಿ ಕೂರುತ್ತದೆ ಅಂತಾರೆ. ಹೌದೇ? ಲಾಟೀನು ಇಳಿಬಿಟ್ಟು ನೋಡಿದರೆ ಸಾಕೇ?

ದಂಟುಹೊಟ್ಟು:
ಹೊರಗಿನಿಂದ ಬರೋದಲ್ಲ, ಒಳಗೇ ಹುಟ್ಟೋದು. ಕಾಳಿಗೂ ಜೀವ ಇದೆ. ಕಾಳು, ಹುಳ, ಬೂಷ್ಟು ಎಲ್ಲ ಸೇರಿ ಆಮ್ಲಜನಕ ತಿಂದು ಹೆಚ್ಚುಕಡಿಮೆ ಅಷ್ಟೇ ಡೈಆಕ್ಸೈಡ್ ಬಿಡುತ್ತವೆ. ತೇವ ಶೇ. 14 ದಾಟಿದ್ದರೆ ಇನ್ನೂ ಜೋರು. (ಹುಳ ಸತ್ತು ಜೋಳ ಉಳಿಯೋದೂ ಇದರಿಂದಲೇ.) ಗಾಳಿಗಿಂತ ಒಂದೂವರೆ ಪಟ್ಟು ಭಾರ ನಿಜ, ಆದರೆ ಗಾಳಿಯಲ್ಲಿ ಬೆರೆತ ಮೇಲೆ ಅದು ತಾನಾಗಿ ಬೇರೆಯಾಗಿ ತಳಕ್ಕಿಳಿಯೋದಿಲ್ಲ. ಹೊರಗೆ ಹೋಗದಿರೋದು ಬಾಯಿ ಕಿರಿದಾದ್ದರಿಂದ. ಬೇಸಿಗೆಯಲ್ಲಂತೂ ಒಳಗೆ ತಂಪು, ಮೇಲೆ ಕಾವು. ಗಾಳಿ ಮೇಲೇಳೋದೇ ಇಲ್ಲ.

ಗಾಳಿಮಾಪಕ:
ಲಾಟೀನು ಆರಿದರೆ ಇಳಿಯಬೇಡಿ, ಸರಿ. ಆರದಿದ್ದರೆ ಇಳಿಯಬಹುದು ಅನ್ನೋದು ತಪ್ಪು. ದೀಪ ಆರೋದು ಆಮ್ಲಜನಕ ಶೇ. 21ರಿಂದ ಸುಮಾರು 16ಕ್ಕೆ ಬಂದಾಗ. ಅಷ್ಟರಲ್ಲಿ ಡೈಆಕ್ಸೈಡ್ ಶೇ. 5ರ ಹತ್ತಿರ ಬಂದಿರುತ್ತದೆ. ಶೇ. 4ಕ್ಕೇ ಜೀವಾಪಾಯ ಅಂತ ಲೆಕ್ಕ, 10 ದಾಟಿದರೆ ನಿಮಿಷಗಳಲ್ಲಿ ಎಚ್ಚರ ತಪ್ಪುತ್ತದೆ. ನಾಲ್ಕು ಬಗೆಯ ಅನಿಲ ಅಳೆಯುವ ಮಾಮೂಲಿ ಮೀಟರನ್ನೂ ನೆಚ್ಚಬೇಡಿ, ಹೆಚ್ಚಿನವು ಡೈಆಕ್ಸೈಡ್ ಅಳೆಯೋದಿಲ್ಲ. ಆಮ್ಲಜನಕ ಶೇ. 19.5 ಎಂದು ತೋರಿಸಿ, ಎಚ್ಚರಿಕೆ ಕೂಗದೆ ಸುಮ್ಮನಿದ್ದರೂ ಡೈಆಕ್ಸೈಡ್ ಶೇ. 1.4 ಇರಬಹುದು, ಎಂಟು ಗಂಟೆ ಕೆಲಸಕ್ಕೆ ಅದರ ಮಿತಿ ಶೇ. 0.5. ಡೈಆಕ್ಸೈಡ್‌ಗೆಂದೇ ಬೇರೆ ಸೆನ್ಸರ್ ಇರುವ ಮೀಟರ್ ಬೇಕು.

ಕರಿನೆಲ:
ಬಾಯಿ ಮೇಲೆ ಟೇಬಲ್ ಫ್ಯಾನ್ ಇಟ್ಟರೆ?

ದಂಟುಹೊಟ್ಟು:
ಮೇಲಿನ ಗಾಳಿ ಮೇಲೇ ಸುತ್ತುತ್ತದೆ, ಅಷ್ಟೇ. ಬ್ಲೋವರ್‌ಗೆ ಪೈಪ್ ಹಾಕಿ, ತುದಿ ಕಾಳಿನ ಮೇಲೆ ಒಂದೆರಡು ಅಡಿ ಇರಲಿ, ಕಾಳು ಇಳಿದ ಹಾಗೆ ಪೈಪೂ ಇಳಿಸಿ. ಖಾಲಿಯಾದಾಗ ಇಡೀ ಗುಂಡಿ ಸುಮಾರು 500 ಘನ ಅಡಿ. ನಿಮಿಷಕ್ಕೆ ಅಷ್ಟೇ ಊದುವ ಬ್ಲೋವರ್ ಆದರೆ 20 ನಿಮಿಷ ಓಡಿಸಿ, ಅಳೆದು, ಆಮೇಲೆ ಇಳಿಯಿರಿ. ಒಳಗೆ ಆಳು ಇರುವಷ್ಟು ಹೊತ್ತೂ ಬ್ಲೋವರ್ ನಿಲ್ಲಿಸಬೇಡಿ: ಕಾಳಿನ ರಾಶಿಯಲ್ಲಿ ಶೇ. 40ರ ಸುಮಾರು ಬರೀ ಸಂದಿ, ಗೋರಿದಂತೆಲ್ಲ ಅಲ್ಲಿ ಸಿಕ್ಕಿದ್ದ ಡೈಆಕ್ಸೈಡ್ ಹೊರಬೀಳುತ್ತದೆ. ಜನರೇಟರ್ ಬಾಯಿಯಿಂದ ದೂರ, ಅದರ ಹೊಗೆಯನ್ನು ಗಾಳಿ ಬಾಯಿಯ ಕಡೆಗಲ್ಲ, ಆಚೆಗೆ ಒಯ್ಯುವ ಹಾಗೆ ಇರಲಿ.

ಗಾಳಿಮಾಪಕ:
ಹಗ್ಗ ಸೊಂಟಕ್ಕೆ ಕಟ್ಟಬೇಡಿ. ಎಚ್ಚರ ತಪ್ಪಿದ ಮೈ ನಡುವೆ ಮಡಚಿ 2 ಅಡಿ ಬಾಯಲ್ಲಿ ಸಿಕ್ಕಿಕೊಳ್ಳುತ್ತದೆ. ಎದೆ, ಭುಜ ಹಿಡಿಯುವ ಬೆಲ್ಟ್ ತೊಡಿಸಿ, ಮೇಲೆ ಇಬ್ಬರು. ಒಳಗಿದ್ದವನು ಬಿದ್ದರೆ ಎಳೆಯಬೇಕೇ ಹೊರತು ಇನ್ನೊಬ್ಬ ಇಳಿಯಬಾರದು.